ವಾಟ ಇಲ್ಲದ ಓಣಿ: ಕೊಳೆಗೇರಿಯೊಂದರ ಒಳಚರಂಡಿ ಪ್ರಕರಣ

ಒಂದು ಮಹಾನಗರದ ಕೊಳೆಗೇರಿ. ಅದರೊಳಗಿನ ಒಂದೇ ಒಂದು ಓಣಿ. ಊರಿನ ಹೆಸರು, ಜನರ ಗುರುತು, ಕೈಹಾಕಿದ ಸಂಸ್ಥೆಗಳ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅಳತೆಗಳನ್ನು ಮಾತ್ರ ಕೊಟ್ಟಿದೆ, ಏಕೆಂದರೆ ಈ ಪ್ರಕರಣದಲ್ಲಿ ಎಡವಿದ್ದೂ ಎದ್ದು ನಿಂತದ್ದೂ ಸೆಂಟಿಮೀಟರ್‌ಗಳ ಲೆಕ್ಕದಲ್ಲೇ.

ಓಣಿಯ ಉದ್ದ 74 ಮೀಟರ್. ಅಗಲ 1.6 ಮೀಟರ್, ಎರಡು ಕಡೆ ಇಕ್ಕಟ್ಟಾಗಿ 1.2 ಮೀಟರಿಗೆ ಇಳಿಯುತ್ತದೆ. ಎರಡೂ ಬದಿ ಸೇರಿ 38 ಮನೆ. ಮೇಲೆ, ಹಿಂದೆ ಕಟ್ಟಿಸಿಕೊಂಡ ಬಾಡಿಗೆ ಕೋಣೆಗಳನ್ನು ಸೇರಿಸಿದರೆ 62 ಕುಟುಂಬ, ಸುಮಾರು 290 ಜನ. ಕುಟುಂಬಗಳಲ್ಲಿ 40 ಬಾಡಿಗೆದಾರರವು. ಮೇಲ್ತುದಿಯಲ್ಲಿ ಬಡಾವಣೆಯ ರಸ್ತೆ, ಕೆಳತುದಿಯಲ್ಲಿ ಮಳೆನೀರು ಹರಿಯುವ ದೊಡ್ಡ ಮೋರಿ.

ಕೊಳೆಗೇರಿ ಎಂದೊಡನೆ ತಗಡು, ತಾಡಪಾಲು ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಮನೆಮನೆಗೂ ವಿದ್ಯುತ್ತು ಇತ್ತು. ವಿಶ್ವಸಂಸ್ಥೆಯ ವಸತಿ ಸಂಸ್ಥೆ ಯುಎನ್-ಹ್ಯಾಬಿಟ್ಯಾಟ್ ಕೊಳೆಗೇರಿ ಮನೆಯನ್ನು ಐದು ಕೊರತೆಗಳಿಂದ ಗುರುತಿಸುತ್ತದೆ: ಒಳ್ಳೆಯ ನೀರು, ಶೌಚ ವ್ಯವಸ್ಥೆ, ಬಾಳಿಕೆ ಬರುವ ಕಟ್ಟಡ, ಸಾಕಷ್ಟು ಜಾಗ (ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನ ಇರಬಾರದು), ಎಬ್ಬಿಸುವ ಭಯವಿಲ್ಲದ ನೆಲೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಮನೆ ಲೆಕ್ಕಕ್ಕೆ ಬರುತ್ತದೆ. ಹೀಗೆ ಲೆಕ್ಕಕ್ಕೆ ಬರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು. ಈ ಓಣಿಯ ಗೋಡೆಗಳು ಪಾಸಾಗುತ್ತಿದ್ದವು, ಉಳಿದ ನಾಲ್ಕರಲ್ಲಿ ಬಹುತೇಕ ಮನೆಗಳು ಫೇಲು. ಕೊರತೆಗಳನ್ನು ಬಿಡಿಬಿಡಿಯಾಗಿ ಎಣಿಸುವುದು ಸುಲಭ, ಆದರೆ ಅವು ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಹಕ್ಕುಪತ್ರವಿಲ್ಲದ್ದಕ್ಕೆ ಒಳಚರಂಡಿ ಸಂಪರ್ಕವಿಲ್ಲ, ಒಳಚರಂಡಿ ಇಲ್ಲದ್ದಕ್ಕೆ ನೀರು ಕೆಟ್ಟಿತ್ತು.

ನೀರು ಕೆಡುತ್ತಿದ್ದ ಬಗೆ ಹೀಗೆ. ಮನೆಗಳಿಗೆ ಹೋಗುವ ಅರ್ಧ ಇಂಚಿನ ನೀರಿನ ಪೈಪುಗಳು ಓಣಿಯ ತೆರೆದ ಮೋರಿಯಲ್ಲೇ ಕಟ್ಟುಕಟ್ಟಾಗಿ ಮಲಗಿದ್ದವು. ಪೂರೈಕೆ ದಿನ ಬಿಟ್ಟು ದಿನ, ಒಂದು ಗಂಟೆ ಹೊತ್ತು. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಕೆಲವೊಮ್ಮೆ ಹೊರಗಿನದಕ್ಕಿಂತಲೂ ಕೆಳಗೆ. ಆಗ ಸಡಿಲವಾದ ಜೋಡಣೆಗಳಿಂದ ಮೋರಿನೀರು ಒಳಗೆ ಎಳೆದುಕೊಳ್ಳುತ್ತದೆ. ಮರುಸಲ ನೀರು ಬಂದಾಗ ಮೊದಲ ಹತ್ತು ನಿಮಿಷದ್ದು ನಾರುತ್ತಿತ್ತು. ಓಣಿಯ ಮೇಲ್ತುದಿಯಲ್ಲಿ ಕ್ಲೋರಿನ್ ಅಂಶ ಸಿಕ್ಕರೆ ಕೆಳತುದಿಯಲ್ಲಿ ಸೊನ್ನೆ.

ಶೌಚಕ್ಕೆ 11 ಮನೆಗಳಲ್ಲಿ ಗುಂಡಿ ಕಕ್ಕಸು ಇತ್ತು. ನಾಲ್ಕು ಮನೆಯವರು ಪೈಪನ್ನು ನೇರವಾಗಿ ಮೋರಿಗೇ ಬಿಟ್ಟಿದ್ದರು. ಉಳಿದವರಿಗೆ ದೊಡ್ಡ ಮೋರಿಯ ದಂಡೆ, ರಾತ್ರಿಹೊತ್ತು ಪ್ಲಾಸ್ಟಿಕ್ ಚೀಲ. ಚೀಲದ ಈ ಪದ್ಧತಿ ನೈರೋಬಿಯ ಕಿಬೇರಾದಿಂದಾಗಿ ಜಗತ್ತಿಗೆ ಗೊತ್ತಾಯಿತು, ಅಲ್ಲಿಗಷ್ಟೇ ಸೀಮಿತವಲ್ಲ. ಗುಂಡಿಗಳೂ ನೆಮ್ಮದಿ ಕೊಟ್ಟಿರಲಿಲ್ಲ. ಒಬ್ಬರಿಂದ ವರ್ಷಕ್ಕೆ 40ರಿಂದ 60 ಲೀಟರ್ ಕೆಸರು ಗುಂಡಿಯಲ್ಲಿ ನಿಲ್ಲುತ್ತದೆ. ಒಂದು ಘನಮೀಟರ್ ಗುಂಡಿಯನ್ನು ಹತ್ತು ಜನ ಬಳಸಿದರೆ ಎರಡು ವರ್ಷಕ್ಕೆ ತುಂಬಿತು. ತುಂಬಿದ್ದನ್ನು ತೆಗೆಸಲು ಟ್ಯಾಂಕರ್ ಓಣಿಯೊಳಗೆ ಬರುವಂತಿರಲಿಲ್ಲ. ಮಳೆ ಬಂದ ರಾತ್ರಿ ಗುಂಡಿಯ ಬಾಯಿ ತೆರೆದು ಮೋರಿಗೆ ತುಳುಕಿಸುವುದೇ ರೂಢಿ.

ಮೊದಲ ಪ್ರಯತ್ನ: ಸಾಮೂಹಿಕ ಶೌಚಾಲಯ

ಹೊರಗಿನ ಸಂಸ್ಥೆಯೊಂದು ಮೇಲ್ತುದಿಯ ರಸ್ತೆ ಬದಿಯಲ್ಲಿ ಎಂಟು ಕೋಣೆಯ ಶೌಚಾಲಯ ಕಟ್ಟಿಸಿತು. ಮೂರು ಓಣಿಗಳಿಗೆ ಅದೊಂದೇ, ಅಂದರೆ ಸುಮಾರು 900 ಜನಕ್ಕೆ. ವಿಪತ್ತು ಶಿಬಿರಗಳಿಗೆಂದು ಬರೆದ ಸ್ಫಿಯರ್ ಮಾನದಂಡವೇ 20 ಜನಕ್ಕೊಂದು ಶೌಚಾಲಯ ಕೇಳುತ್ತದೆ. ಇಲ್ಲಿ ಒಂದಕ್ಕೆ 112. ಬೆಳಗಿನ ಎರಡು ಗಂಟೆಯಲ್ಲಿ, ಒಬ್ಬರಿಗೆ ಐದು ನಿಮಿಷವೆಂದರೂ, ಎಂಟು ಕೋಣೆಗಳಲ್ಲಿ 192 ಜನ ಮಾತ್ರ ಹೋಗಿ ಬರಬಹುದು. ಕೆಲಸಕ್ಕೆ ಹೋಗುವವರು ಸಾಲಿನಲ್ಲಿ ನಿಲ್ಲುತ್ತಿದ್ದರು, ಮಕ್ಕಳನ್ನು ಮೋರಿ ದಂಡೆಗೆ ಕಳಿಸುತ್ತಿದ್ದರು. ರಾತ್ರಿ ಹತ್ತಕ್ಕೆ ಬೀಗ. ನೆಲ ಜೇಡಿ, ಆದ್ದರಿಂದ ಇಂಗುಗುಂಡಿ ಇಂಗಿಸಲಿಲ್ಲ. ಮೂರನೇ ವರ್ಷಕ್ಕೆ ಬೀಗ ಹಗಲಿಗೂ ಬಿತ್ತು.

ಸಾಮೂಹಿಕ ಶೌಚಾಲಯವೇ ಕೆಟ್ಟ ಯೋಚನೆ ಎಂದು ಇದರಿಂದ ತೀರ್ಮಾನಿಸಬಾರದು. ಮನೆಯೊಳಗೆ ಒಂದು ಮೀಟರ್ ಜಾಗವೂ ಇಲ್ಲದ ಕಡೆ ಬೇರೆ ದಾರಿಯೇ ಇಲ್ಲ. ಇಲ್ಲಿ ತಪ್ಪಿದ್ದು ತಲೆಲೆಕ್ಕ, ಅದಕ್ಕಿಂತ ಹೆಚ್ಚಾಗಿ ನೆಲದ ಲೆಕ್ಕ: ಹೊಲಸು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ನೋಡಿರಲಿಲ್ಲ.

ಎರಡನೆಯದು: ತಾವೇ ಹಾಕಿಕೊಂಡ ಪೈಪು

ಕರಾಚಿಯ ಒರಂಗಿಯಲ್ಲಿ 1980ರಲ್ಲಿ ಅಖ್ತರ್ ಹಮೀದ್ ಖಾನ್ ಶುರುಮಾಡಿದ ಯೋಜನೆಯ ಸುದ್ದಿ ಓಣಿಯ ಕೆಲವರ ಕಿವಿಗೆ ಬಿದ್ದಿತ್ತು. ಅಲ್ಲಿ 20ರಿಂದ 40 ಮನೆಗಳ ಒಂದೊಂದು ಗಲ್ಲಿಯೂ ತನ್ನ ಚರಂಡಿಗೆ ತಾನೇ ದುಡ್ಡು ಹಾಕಿ ಕಟ್ಟಿಕೊಂಡಿತು. ಮನೆಯ ಶೌಚಾಲಯ, ಗಲ್ಲಿಯ ಪೈಪು ಜನರದ್ದು. ದೊಡ್ಡ ಕೊಳವೆ, ಶುದ್ಧೀಕರಣ ಸರ್ಕಾರದ್ದು ಎಂಬ ಹಂಚಿಕೆ. ನಮ್ಮ ಓಣಿಯ ಮನೆಮಾಲೀಕರೂ ವಂತಿಗೆ ಎತ್ತಿ 200 ಮಿಲಿಮೀಟರ್ ಸಿಮೆಂಟ್ ಪೈಪು ತಂದರು. ಮೇಲ್ತುದಿಯಿಂದ ಅಗೆಯುತ್ತಾ ಬಂದು, ನೆಲದ ಇಳಿಜಾರನ್ನೇ ಅನುಸರಿಸಿ, ಕೆಳಗೆ ದೊಡ್ಡ ಮೋರಿಗೆ ಬಾಯಿ ಬಿಟ್ಟರು.

ಎರಡೇ ತಿಂಗಳಲ್ಲಿ ಮೇಲಿಂದ ನಾಲ್ಕನೇ ಚೇಂಬರ್ (ಪೈಪನ್ನು ನೋಡಿ ಬಿಡಿಸಲು ಬಿಟ್ಟ ಗುಂಡಿ) ಹೊಲಸಿನಿಂದ ಕಟ್ಟಿಕೊಂಡಿತು. ಮಳೆಗಾಲದ ಮೊದಲ ಜೋರು ಮಳೆಗೆ ದೊಡ್ಡ ಮೋರಿ ಏರಿ, ಹೊಲಸು ಪೈಪಿನಲ್ಲಿ ಹಿಂದಕ್ಕೆ ಬಂದು ಕೆಳತುದಿಯ ಐದು ಮನೆಗಳಿಗೆ ನುಗ್ಗಿತು. ಆ ಐದು ಮನೆಯವರು ಪೈಪಿಗೆ ಗೋಣಿಚೀಲ ತುರುಕಿದರು. ಅಲ್ಲಿಗೆ ಮೇಲಿನವರಿಗೂ ಇಲ್ಲ, ಕೆಳಗಿನವರಿಗೂ ಇಲ್ಲ. ಜಗಳ ಒಂದು ವರ್ಷ ನಡೆಯಿತು.

ಒರಂಗಿಯಿಂದ ಇವರು ವಂತಿಗೆಯನ್ನು ಕಲಿತರು, ಅಳತೆಯನ್ನು ಕಲಿಯಲಿಲ್ಲ. ಅಲ್ಲಿ ಅಗೆಯುವ ಮೊದಲು ಗಲ್ಲಿಗಳ ಮಟ್ಟ ತೆಗೆದು ನಕ್ಷೆ ಮಾಡುವ ಕೆಲಸವೇ ಯೋಜನೆಯ ಬೆನ್ನೆಲುಬು.

ಮಟ್ಟ ತೆಗೆದ ಮೇಲೆ ಕಂಡದ್ದು

ಮೂರನೇ ಸಲ ಗುದ್ದಲಿ ಮುಟ್ಟುವ ಮೊದಲು ಓಣಿಯ ಮಟ್ಟ ತೆಗೆಯಲಾಯಿತು. ಬೇಕಾದದ್ದು 15 ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ನೀರು, ಇಬ್ಬರು ಜನ. ಗಾರೆಯವರೆಲ್ಲ ಬಲ್ಲ ವಿಧಾನವಿದು: ಟ್ಯೂಬಿನ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಮೊದಲ ಮನೆಯ ಗೋಡೆಯ ಮೇಲೆ ಒಂದು ಗೆರೆ ಎಳೆದು, ಅದೇ ಮಟ್ಟವನ್ನು ಮನೆಯಿಂದ ಮನೆಗೆ ಸಾಗಿಸಿ, ಪ್ರತಿ ಹೊಸ್ತಿಲ ಬಳಿ ಗೆರೆಯಿಂದ ನೆಲಕ್ಕೆ ಎಷ್ಟೆಂದು ಅಳೆಯುವುದು. ಕೆಳತುದಿ ಮುಟ್ಟಿದ ಮೇಲೆ ಎದುರು ಸಾಲಿನ ಗೋಡೆಗಳ ಮೇಲೆ ವಾಪಸು ಬಂದು ಮೊದಲ ಗೆರೆಗೆ ಕೂಡಬೇಕು. ಮೊದಲ ಸಲ 4 ಸೆಂ.ಮೀ. ವ್ಯತ್ಯಾಸ ಬಂತು. ಕಾರಣ ಗಾಳಿಗುಳ್ಳೆ. ಟ್ಯೂಬಿಗೆ ನಲ್ಲಿಯಿಂದ ನೀರು ತುಂಬಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಎತ್ತರದಲ್ಲಿಟ್ಟ ಬಕೆಟ್ಟಿನಿಂದ ಬಾಯಲ್ಲಿ ಎಳೆದು ಹರಿಬಿಟ್ಟರೆ ಬರುವುದಿಲ್ಲ. ಟ್ಯೂಬಿನ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇದ್ದರೂ ಮಟ್ಟ ಸುಳ್ಳಾಡುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಮತ್ತೆ ತೆಗೆದಾಗ ವ್ಯತ್ಯಾಸ 5 ಮಿಲಿಮೀಟರಿನೊಳಗೆ ಬಂತು. ಇದು ಅತಿಯಾದ ನಾಜೂಕಲ್ಲ. 150ಕ್ಕೆ 1 ವಾಟದಲ್ಲಿ, ಅಂದರೆ 150 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ, ಹತ್ತು ಮೀಟರಿಗೆ ಇಳಿಯುವುದೇ 6.7 ಸೆಂ.ಮೀ.; ಅದರಲ್ಲಿ 4 ಹೋದರೆ ಉಳಿಯುವುದೇನು?

ಮೇಲ್ತುದಿಯಿಂದ ಕೆಳತುದಿಗೆ ನೆಲ ಇಳಿಯುವುದು ಬರೀ 31 ಸೆಂ.ಮೀ. ಎಂದು ಗೊತ್ತಾಯಿತು. ಕಣ್ಣಿಗೆ ಅದು ಇಳುಕಲಿನಂತೆ ಕಾಣುತ್ತದೆ, ಪೈಪಿಗೆ ಸಾಲದು. ದೊಡ್ಡ ಮೋರಿಯ ಗೋಡೆಯ ಮೇಲೆ ಮಳೆಗಾಲದ ನೀರಿನ ಕಲೆ ಓಣಿಯ ಕೆಳತುದಿಯ ನೆಲಕ್ಕಿಂತ 35 ಸೆಂ.ಮೀ. ಕೆಳಗಿತ್ತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಗಂಟು ಬಿಚ್ಚಿಕೊಳ್ಳುತ್ತದೆ. ಮೇಲ್ತುದಿಯಲ್ಲಿ ಪೈಪಿನ ತಳ 45 ಸೆಂ.ಮೀ. ಆಳದಲ್ಲಿ ಶುರುವಾಗಿ 150ಕ್ಕೆ 1 ವಾಟದಲ್ಲಿ ಬಂದರೆ, ಕೆಳತುದಿಯಲ್ಲಿ 63 ಸೆಂ.ಮೀ. ಆಳಕ್ಕೆ ಹೋಗುತ್ತದೆ, ಮಳೆಯಲ್ಲಿ 28 ಸೆಂ.ಮೀ. ನೀರಿನಡಿ. ನೀರಿನ ಕಲೆಗಿಂತ ಮೇಲೇ ಇಡುತ್ತೇನೆಂದರೆ ವಾಟ 350ಕ್ಕೆ 1ಕ್ಕೆ ಇಳಿಯುತ್ತದೆ. ವಾಟ ಕೊಟ್ಟರೆ ಪೈಪು ಮುಳುಗುತ್ತದೆ, ಮುಳುಗದಂತೆ ಇಟ್ಟರೆ ವಾಟ ಇರುವುದಿಲ್ಲ. ಗಾರೆಯವರು ಎಷ್ಟೇ ಜಾಣರಾದರೂ ಆ ಮೋರಿಗೆ ಆ ಓಣಿಯನ್ನು ಸೇರಿಸಲು ಸಾಧ್ಯವೇ ಇರಲಿಲ್ಲ.

ಬಾಯಿಗೆ ಒಮ್ಮುಖ ಕವಾಟ ಹಾಕೋಣವೆಂಬ ಸಲಹೆ ಬಂತು. ಒಂದು ಬಟ್ಟೆಚೂರು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಮುಚ್ಚಿತೆಂದುಕೊಂಡರೂ, ಮೋರಿ ತುಂಬಿರುವಷ್ಟು ಹೊತ್ತು ಓಣಿಯದೇ ಹೊಲಸು ಒಳಗೇ ನಿಲ್ಲಬೇಕು. ಆ ಸಲಹೆಯನ್ನು ಕೈಬಿಟ್ಟದ್ದು ಸರಿ. ಹೊಲಸನ್ನು ಮಳೆಮೋರಿಗೆ ಬಿಟ್ಟು ಕೆಳಗಿನ ಬಡಾವಣೆಯ ತಲೆಗೆ ಕಟ್ಟುವುದು ಹೇಗೂ ಒಳ್ಳೆಯದಲ್ಲ.

ಪೈಪಿನ ಗಾತ್ರದ್ದು ಇನ್ನೊಂದು ಪಾಠ. ದೊಡ್ಡ ಪೈಪು ಕಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಇಲ್ಲಿ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 35 ಲೀಟರ್ ನೀರು. 290 ಜನರ ಬಳಕೆ ಹತ್ತು ಸಾವಿರ ಲೀಟರ್. ದಿನವಿಡೀ ಹಂಚಿದರೆ ಸೆಕೆಂಡಿಗೆ 0.1 ಲೀಟರಿನಷ್ಟು. ಇಷ್ಟು ನೀರು 200 ಮಿಲಿಮೀಟರ್ ಪೈಪಿನ ತಳದಲ್ಲಿ ತೆಳ್ಳಗೆ ಹರಡಿ ಹೋಗುತ್ತದೆ, ಗಟ್ಟಿ ಪದಾರ್ಥ ನೆನೆದು ಅಲ್ಲೇ ಕೂರುತ್ತದೆ. 100 ಮಿಲಿಮೀಟರಿನಲ್ಲಿ ಅದೇ ನೀರು ದಪ್ಪಗೆ ಹರಿದು ತಳ್ಳಿಕೊಂಡು ಹೋಗುತ್ತದೆ. ಬ್ರೆಜಿಲಿನ ನಟಾಲ್ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಸರಳ ಒಳಚರಂಡಿ ಪದ್ಧತಿಯ ಲೆಕ್ಕದಲ್ಲಿ, ಸುಮಾರು 200ಕ್ಕೆ 1 ವಾಟದ 100 ಮಿಲಿಮೀಟರ್ ಪೈಪು 200ಕ್ಕೂ ಹೆಚ್ಚು ಮನೆಗಳನ್ನು ಹೊರುತ್ತದೆ. ಆದರೆ ಆ ಲೆಕ್ಕ ಮನೆಯೊಳಗೆ ನಲ್ಲಿಯಿದ್ದು, ಒಬ್ಬರು ದಿನಕ್ಕೆ 80 ಲೀಟರಿನಷ್ಟು ಬಳಸುವ ಕಡೆಯದು. 35 ಲೀಟರಿನ ಓಣಿಯಲ್ಲಿ ಅದನ್ನು ಹಾಗೇ ನಕಲು ಮಾಡಿದರೂ ಪೈಪು ಕಟ್ಟುತ್ತಿತ್ತು. ಹಾಗಾಗಿ ಒರಂಗಿಯದೊಂದು ಭಾಗವನ್ನು ಇಲ್ಲಿಗೆ ತರಲಾಯಿತು: ಶೌಚಾಲಯಕ್ಕೂ ಓಣಿಪೈಪಿಗೂ ನಡುವೆ ಗಟ್ಟಿಯನ್ನು ತಡೆಹಿಡಿಯುವ ಸಣ್ಣ ತೊಟ್ಟಿ.

ಸಂದಿಯ ಮಾಲೀಕ

ದೊಡ್ಡ ಮೋರಿ ಬೇಡವೆಂದರೆ ಹೊಲಸಿಗೆ ಇನ್ನೊಂದು ದಾರಿ ಬೇಕು. ಓಣಿಯ ಹಿಂದಿನ ರಸ್ತೆಯಲ್ಲಿ ನಗರಾಡಳಿತದ ಒಳಚರಂಡಿಯ ಮ್ಯಾನ್‌ಹೋಲ್ ಇತ್ತು, ತಳ 1.6 ಮೀಟರ್ ಆಳ. ಒಳಗೋಡೆಯ ಕಲೆ ನೋಡಿದರೆ ನೀರು ರಸ್ತೆಮಟ್ಟಕ್ಕಿಂತ ಒಂದು ಮೀಟರಿನಷ್ಟು ಕೆಳಗೇ ನಿಲ್ಲುತ್ತಿದ್ದದ್ದು ಸ್ಪಷ್ಟ. ಮೇಲ್ತುದಿಯಿಂದ 52 ಮೀಟರ್ ದೂರದಲ್ಲಿ ಎರಡು ಕಟ್ಟಡಗಳ ನಡುವೆ ಒಂದು ಮೀಟರ್ ಅಗಲ, 18 ಮೀಟರ್ ಉದ್ದದ ಸಂದಿ ಆ ರಸ್ತೆಗೆ ಹೋಗುತ್ತಿತ್ತು. ಈ ಪ್ರಕರಣದ ನಿಜವಾದ ತಿರುವು ಆ ಸಂದಿ.

ಹೊಸ ನಕ್ಷೆಯಲ್ಲಿ ಮೇಲಿನ 52 ಮೀಟರ್ ಪೈಪು ಕೆಳಗೆ ಬರುತ್ತದೆ, ಕೆಳಗಿನ 22 ಮೀಟರ್ ನೆಲದ ಇಳಿಜಾರಿಗೆ ಎದುರಾಗಿ ಹಿಂದಕ್ಕೆ ಹರಿಯುತ್ತದೆ, ಎರಡೂ ಸಂದಿಯ ಬಾಯಲ್ಲಿ ಕೂಡುತ್ತವೆ. ಕೆಳತುದಿಯಲ್ಲಿ ತಳ 30 ಸೆಂ.ಮೀ. ಆಳದಲ್ಲಿ ಶುರುಮಾಡಿ 100ಕ್ಕೆ 1 ಕೊಟ್ಟರೆ ಸಂದಿಗೆ 61 ಸೆಂ.ಮೀ.; ಮೇಲಿನ ಭಾಗ 58 ಸೆಂ.ಮೀ.ಗೆ ಬಂದು ಸೇರುತ್ತದೆ. ಕೆಳಗಿನ ಮನೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. ನೀರು ಮೇಲಕ್ಕೆ ಹರಿಯುತ್ತದೆಯೇ ಎಂದು ನಕ್ಕರು. ಗೋಡೆಯ ಮೇಲೆ ಮಟ್ಟದ ಗೆರೆ, ಅದರ ಕೆಳಗೆ ಪೈಪಿನ ತಳದ ಗೆರೆ ಎರಡನ್ನೂ ಬಣ್ಣದಲ್ಲಿ ಎಳೆದು ತೋರಿಸಿದ ಮೇಲೆ ವಾದ ನಿಂತಿತು.

ಸಂದಿ ಒಬ್ಬ ಮಾಲೀಕನದು. ಅವನು ಅಲ್ಲಿ ವಾಸವಿಲ್ಲ. ಸಂದಿಯ ಬದಿಯ ಕಟ್ಟಡದಲ್ಲಿ ಒಂಬತ್ತು ಕೋಣೆ ಬಾಡಿಗೆಗೆ ಕೊಟ್ಟಿದ್ದ. ಅವನು ಒಪ್ಪದ್ದಕ್ಕೆ ಎರಡು ಕಾರಣ. ಅಡಿಪಾಯದ ಪಕ್ಕ ಅಗೆದರೆ ಗೋಡೆ ಬಿರುಕು ಬಿಟ್ಟೀತು ಎಂಬುದು ಒಂದು. ಪೈಪು ಬಿಟ್ಟುಕೊಟ್ಟರೆ ನಾಳೆ ಜಾಗದ ಮೇಲೆ ಹಕ್ಕು ಕೇಳುತ್ತಾರೆ ಎಂಬುದು ಇನ್ನೊಂದು. ಮೊದಲ ಮಾತುಕತೆಗಳು ಮುರಿದದ್ದು ಇವನ್ನು ಹಣದಾಸೆ ಎಂದು ಓಣಿಯವರು ತಿಳಿದದ್ದರಿಂದ. ಎರಡೂ ನ್ಯಾಯವಾದ ಭಯಗಳೇ. ಮೊದಲನೆಯದಕ್ಕೆ ಉತ್ತರ ಕೆಲಸದ ಕ್ರಮದಲ್ಲಿತ್ತು: ಒಮ್ಮೆಗೆ ಮೂರು ಮೀಟರ್ ಮಾತ್ರ ಅಗೆದು, ಪೈಪಿಟ್ಟು, ಅದೇ ದಿನ ಮುಚ್ಚಿ ದಮ್ಮಸ್ಸು ಮಾಡುವುದು. ಎರಡನೆಯದಕ್ಕೆ ಬರಹ: ಪೈಪು ಹಾದುಹೋಗುವುದರಿಂದ ಜಾಗದ ಮೇಲೆ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಕಟ್ಟಡ ಮರುಕಟ್ಟುವಾಗ ವಾಟ ಕೆಡದಂತೆ ಪೈಪನ್ನು ಸರಿಸಿಕೊಳ್ಳಬಹುದು. ಅವನ ಒಂಬತ್ತು ಕೋಣೆಗಳಿಗೆ ಮೊದಲ ಸಂಪರ್ಕ. ಪ್ರತಿಯಾಗಿ ಎರಡು ವರ್ಷ ಆ ಕೋಣೆಗಳ ಬಾಡಿಗೆ ಏರಿಸುವಂತಿಲ್ಲ. ಈ ಕೊನೆಯ ಷರತ್ತನ್ನು ಸೇರಿಸಲು ಹೇಳಿದವರು ಆ ಕೋಣೆಗಳ ಬಾಡಿಗೆದಾರ ಹೆಂಗಸರು.

ಸಂಪರ್ಕ ಯಾರ ಹೆಸರಲ್ಲಿ? ಹಕ್ಕುಪತ್ರವಿರುವ ಆ ಮಾಲೀಕನ ಹೆಸರಲ್ಲಿ ಅರ್ಜಿ ಹಾಕಿದ್ದರೆ ಬೇಗ ಸಿಗುತ್ತಿತ್ತು. ಆಗ ಇಡೀ ಓಣಿಯ ಹೊಲಸಿನ ಬೀಗದಕೈ ಒಬ್ಬನ ಕೈಯಲ್ಲಿ. ಓಣಿಯವರು ಕಾಯಲು ನಿರ್ಧರಿಸಿದರು. ತಿಂಗಳುಗಟ್ಟಲೆ ಓಡಾಡಿ, ‘ಇದು ನಿವೇಶನದ ಹಕ್ಕಿಗೆ ದಾಖಲೆಯಲ್ಲ’ ಎಂಬ ಒಕ್ಕಣೆಯೊಡನೆ ಸಾಮೂಹಿಕ ಸಂಪರ್ಕದ ಪತ್ರ ಪಡೆದರು. ಈ ಒಂದು ವಾಕ್ಯ ಅಧಿಕಾರಿಗೂ ಧೈರ್ಯ ಕೊಟ್ಟಿತು. ಹಕ್ಕಿನ ಪ್ರಶ್ನೆಯನ್ನೂ ನೈರ್ಮಲ್ಯದ ಪ್ರಶ್ನೆಯನ್ನೂ ಕಾಗದದ ಮೇಲೆ ಬೇರೆ ಮಾಡಿದರೆ ಕಚೇರಿಗಳು ಸಹಿ ಹಾಕುವುದು ಸುಲಭವಾಗುತ್ತದೆ.

ಕೆಲಸ

ಮ್ಯಾನ್‌ಹೋಲಿನಿಂದ ಮೇಲಕ್ಕೆ ಅಗೆಯುತ್ತಾ ಬರಲಾಯಿತು. ಹೀಗೆ ಮಾಡಿದರೆ ಮುಗಿದಷ್ಟು ಭಾಗ ಆ ದಿನವೇ ಬಳಕೆಗೆ ಬರುತ್ತದೆ, ಅಗೆದಲ್ಲಿ ನಿಂತ ನೀರೂ ಹರಿದು ಹೋಗುತ್ತದೆ. 110 ಮಿಲಿಮೀಟರ್ ಪಿವಿಸಿ ಪೈಪು, ಕೆಳಗೆ 7ರಿಂದ 10 ಸೆಂ.ಮೀ. ಮರಳಿನ ಹಾಸು. ವಾಟ ನೋಡಲು ಒಂದೂವರೆ ಮೀಟರಿನ ನೇರ ಪಟ್ಟಿ ಸಾಕಾಯಿತು: ಪಟ್ಟಿಯ ತಗ್ಗಿನ ತುದಿಯಡಿ 1 ಸೆಂ.ಮೀ. ಮರದ ಚಕ್ಕೆ ಅಂಟಿಸಿ ಮೇಲೆ ರಸಮಟ್ಟ ಇಡುವುದು. ಗುಳ್ಳೆ ನಡುವೆ ನಿಂತರೆ 150ಕ್ಕೆ 1. ಚಕ್ಕೆ 1.5 ಸೆಂ.ಮೀ. ಆದರೆ 100ಕ್ಕೆ 1. ಮುಚ್ಚುವ ಮೊದಲು ಎರಡು ಪರೀಕ್ಷೆ. ಕೆಳಗೆ ಬಿರಡೆ ಹಾಕಿ ನೀರು ತುಂಬಿ ಅರ್ಧ ಗಂಟೆ ನೋಡುವುದು. ಆಮೇಲೆ ನಿಂಬೆಹಣ್ಣಿನ ಗಾತ್ರದ ರಬ್ಬರ್ ಚೆಂಡನ್ನು ಒಂದು ಬಕೆಟ್ ನೀರಿನ ಜೊತೆ ಬಿಡುವುದು. ಚೆಂಡು ತಡೆದಲ್ಲಿ ಪೈಪು ಕುಸಿದಿದೆ ಅಥವಾ ಜೋಡಣೆಯಲ್ಲಿ ಮರಳು ಸಿಕ್ಕಿದೆ ಎಂದರ್ಥ. ಮುಚ್ಚಿದ ಮೇಲೆ ಅದನ್ನು ಹುಡುಕುವುದು ಹತ್ತು ಪಟ್ಟು ಕೆಲಸ.

ಎರಡೆರಡು ಮನೆಗೆ ಒಂದರಂತೆ 19 ತೊಟ್ಟಿ: 90 ಸೆಂ.ಮೀ. ಉದ್ದ, 60 ಅಗಲ, ನೀರಿನ ಆಳ 110, ಅಂದರೆ 600 ಲೀಟರಿಗೆ ತುಸು ಕಡಿಮೆ. ಶೌಚಾಲಯದ ನೀರು ಮಾತ್ರ ತೊಟ್ಟಿಗೆ. ಹೊರಹೋಗುವ ಕಡೆ ‘ಟಿ’ ಆಕಾರದ ಪೈಪು ಕಡ್ಡಾಯ, ಅದಿಲ್ಲದಿದ್ದರೆ ತೇಲುವ ಕೆನೆ ನೇರ ಓಣಿಪೈಪಿಗೆ ಹೋಗುತ್ತದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಜಾಲರಿ ದಾಟಿ, 30 ಸೆಂ.ಮೀ. ಚೌಕದ ಮರಳುಗುಂಡಿ ದಾಟಿ ಸೀದಾ ಓಣಿಪೈಪಿಗೆ. ಆ ನೀರನ್ನೂ ತೊಟ್ಟಿಗೇ ಬಿಟ್ಟಿದ್ದರೆ ತೊಟ್ಟಿಯಲ್ಲಿ ಕೆಸರು ಕೂರಲು ಹೊತ್ತು ಸಿಗುತ್ತಿರಲಿಲ್ಲ. ಸೀದಾ ಬಿಟ್ಟದ್ದರಿಂದ ಅದೇ ನೀರು ಪೈಪನ್ನು ತೊಳೆಯುವ ಕೆಲಸವನ್ನೂ ಮಾಡಿತು. ಪ್ರತಿ ತೊಟ್ಟಿಯ ಎದುರು 45 ಸೆಂ.ಮೀ. ಚೌಕದ ಚೇಂಬರ್, ತಳದಲ್ಲಿ ಅರ್ಧವೃತ್ತದ ಕಾಲುವೆ. ಚೇಂಬರ್ ಇಷ್ಟು ಚಿಕ್ಕದಿರುವುದರಲ್ಲಿ ಒಂದು ಉದ್ದೇಶವಿದೆ: ಒಳಗೆ ಮನುಷ್ಯ ಇಳಿಯಲು ಬರುವುದೇ ಇಲ್ಲ, ಕಟ್ಟಿದರೆ ಮೇಲೇ ನಿಂತು ಬಿದಿರು ದಬ್ಬೆಯಿಂದಲೋ ಕಂಬಿಯಿಂದಲೋ ಬಿಡಿಸಬೇಕು. ತೊಟ್ಟಿಗೂ ಅದೇ ನಿಯಮ. ಮುಚ್ಚಿದ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ನಿಂತಿರುತ್ತದೆ, ಬಗ್ಗಿ ತಲೆ ಹಾಕಿದರೂ ಪ್ರಾಣ ಹೋಗಬಹುದು. ಮುಚ್ಚಳ ತೆಗೆದು ಗಾಳಿಯಾಡಲು ಬಿಡಬೇಕು, ಬೆಂಕಿ ಹತ್ತಿರ ತರಬಾರದು, ಯಾರೂ ಇಳಿಯಬಾರದು.

ಕೆಳತುದಿಯಲ್ಲಿ ಪೈಪಿನ ಮೇಲೆ ಮಣ್ಣು 20 ಸೆಂ.ಮೀ. ಮಾತ್ರ ಉಳಿಯುತ್ತಿದ್ದರಿಂದ ಅಲ್ಲಿ ಕಾಂಕ್ರೀಟ್ ಹಲಗೆ ಮುಚ್ಚಲಾಯಿತು. ಗಾಡಿ ಹೋಗದ ಓಣಿಯಾದ್ದರಿಂದ ಇದು ನಡೆಯುತ್ತದೆ. ರಸ್ತೆಯಲ್ಲಿ ಹೀಗೆ ಮಾಡಿದರೆ ಒಂದು ಲಾರಿಗೆ ಪೈಪು ಪುಡಿ.

ನೀರಿನ ಪೈಪುಗಳನ್ನು ಇದೇ ಹೊತ್ತಿಗೆ ಮೋರಿಯಿಂದ ಎತ್ತಿ, ಗೋಡೆಗೆ ಕೊಂಡಿ ಹೊಡೆದು, ನೆಲದಿಂದ 30 ಸೆಂ.ಮೀ. ಮೇಲೆ ಸಾಲಾಗಿ ಕಟ್ಟಿದರು. ಒಂದು ವಾರದ ಕೆಲಸ, ಮೂಲ ಯೋಜನೆಯಲ್ಲಿ ಇರಲೇ ಇಲ್ಲ. ಕೆಳತುದಿಯ ನಲ್ಲಿಯಲ್ಲಿ ಆಮೇಲೆ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಸಿಕ್ಕಿತು. ಇಡೀ ಪ್ರಕರಣದಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಟ್ಟದ್ದು ಯಾವುದೆಂದರೆ ಇದನ್ನೇ ಹೇಳಬೇಕು.

ಹಳೆಯ ತೆರೆದ ಮೋರಿಯನ್ನು ಮುಚ್ಚಿ ಓಣಿ ಅಗಲ ಮಾಡಿಕೊಳ್ಳಬೇಕೆಂದು ಹಲವರ ಆಸೆ. ಮುಚ್ಚಲಿಲ್ಲ. ಮಳೆನೀರಿಗೆ ಒಂದು ದಾರಿ ಬೇಕೇ ಬೇಕು.

ಆಮೇಲೆ

ಮೊದಲ ಮಳೆಗೆ ಸಂದಿಯ ಬಾಯಿನ ಚೇಂಬರಿನ ಮುಚ್ಚಳ ಎದ್ದಿತು. ನಾಲ್ಕು ಮನೆಯವರು ತಾರಸಿಯ ನೀರನ್ನು ಸದ್ದಿಲ್ಲದೆ ಚೇಂಬರಿಗೆ ಜೋಡಿಸಿದ್ದರು. 30 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 40 ಮಿಲಿಮೀಟರ್ ಮಳೆ ಬಿದ್ದರೆ ಸೆಕೆಂಡಿಗೆ 0.33 ಲೀಟರ್, ಇಡೀ ಓಣಿಯ ಸರಾಸರಿ ಹೊಲಸಿನ ಮೂರು ಪಟ್ಟು, ಅದೂ ಒಂದೇ ಮನೆಯಿಂದ. ಜೋಡಣೆ ಕತ್ತರಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ದೊಡ್ಡ ಮೋರಿಗೆ ಅಂಟಿದ ಕಟ್ಟಕಡೆಯ ಮನೆಯ ನೆಲ ಓಣಿಗಿಂತ 40 ಸೆಂ.ಮೀ. ತಗ್ಗು. ಶೌಚಾಲಯದ ಬೇಸಿನ್ನನ್ನು ನಾಲ್ಕು ಮೆಟ್ಟಿಲು ಎತ್ತರಿಸಿ ಕೂರಿಸಬೇಕಾಯಿತು. ಅಲ್ಲಿದ್ದ ವಯಸ್ಸಾದವರಿಗೆ ಅದನ್ನು ಹತ್ತುವುದು ಇಂದಿಗೂ ಕಷ್ಟ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿಲ್ಲ.

ತೊಟ್ಟಿ ತೆಗೆಸುವುದು ನಿಜವಾದ ತಲೆನೋವಾಯಿತು. ಒಂದು ತೊಟ್ಟಿಗೆ ಹದಿನೈದು ಜನ, ವರ್ಷಕ್ಕೆ ಒಬ್ಬರಿಂದ 40 ಲೀಟರ್ ಹಿಡಿದರೂ ಆರು ತಿಂಗಳಿಗೆ ಅರ್ಧ ತೊಟ್ಟಿ ಕೆಸರು. ಆಗಲೇ ತೆಗೆಸಬೇಕು, ಇಲ್ಲದಿದ್ದರೆ ಗಟ್ಟಿ ಓಣಿಪೈಪಿಗೆ ದಾಟುತ್ತದೆ. ಟ್ಯಾಂಕರಿನ ಹೀರುಕೊಳವೆ 30 ಮೀಟರ್. ಮೇಲಿನ ರಸ್ತೆಯಿಂದ ಒಂದು ಸಲ, ಸಂದಿಯ ಮೂಲಕ ಹಿಂದಿನ ರಸ್ತೆಯಿಂದ ಇನ್ನೊಂದು ಸಲ ಎಳೆದರೂ ನಡುವಿನ ಕೆಲವು ಮತ್ತು ಕೆಳತುದಿಯ ತೊಟ್ಟಿಗಳು ಸಿಗುತ್ತಿರಲಿಲ್ಲ. ಹತ್ತು ಮೀಟರ್ ಕೊಳವೆ ಹೆಚ್ಚಿಗೆ ಜೋಡಿಸಿ, ಕೆಸರಿಗೆ ನೀರು ಬೆರೆಸಿ ತೆಳುಮಾಡಿದ ಮೇಲೆ ಬಂತು. ಹೀರುವ ಶಕ್ತಿ ಉದ್ದದ ಜೊತೆ ಕುಗ್ಗುತ್ತದೆ ಎಂಬುದನ್ನು ನಕ್ಷೆ ಬರೆಯುವಾಗಲೇ ನೋಡಬೇಕು. ಮೊದಲ ಸಲ ಐದು ಮನೆಯವರು ತಮ್ಮ ತೊಟ್ಟಿ ತುಂಬಿಲ್ಲವೆಂದು ದುಡ್ಡು ಕೊಡಲಿಲ್ಲ. ಎರಡು ತಿಂಗಳಲ್ಲಿ ಅವರ ಕೆಸರು ಬೇರೆಯವರ ಚೇಂಬರಿಗೆ ಬಂತು. ಅಲ್ಲಿಂದ ನಿಯಮ ಬದಲಾಯಿತು: ತಿಂಗಳ ವಂತಿಗೆ, 19 ತೊಟ್ಟಿಗಳನ್ನೂ ಒಂದೇ ಸಲ ತೆಗೆಸುವುದು, ಹಣ ಇಬ್ಬರು ಹೆಂಗಸರ ಕೈಯಲ್ಲಿ, ಅವರಲ್ಲಿ ಒಬ್ಬರು ಬಾಡಿಗೆದಾರರೇ ಆಗಿರಬೇಕು.

ಬಾಡಿಗೆದಾರರ ವಿಷಯದಲ್ಲಿ ಓಣಿ ಸೋತಿತು. ಸಭೆಗಳು ಸಂಜೆ ನಡೆದವು, ಬಂದವರು ಮಾಲೀಕರು. ಸಂಪರ್ಕವನ್ನು ಮನೆಗೊಂದು ಎಂದು ಎಣಿಸಲಾಯಿತು, ಕುಟುಂಬಕ್ಕೊಂದು ಎಂದಲ್ಲ. ಕೆಲಸ ಮುಗಿದ ಮೇಲೆ ಮನೆಮನೆ ಎಣಿಸಿದರೆ ಏಳು ಶೌಚಾಲಯಗಳ ಬೀಗದಕೈ ಮಾಲೀಕರ ಬಳಿ; ಮೇಲಿನ ಕೋಣೆಯವರು ಕೇಳಿ ಪಡೆಯಬೇಕು, ಮಾಲೀಕರು ಹೊರಗೆ ಹೋಗಿದ್ದರೆ ಮತ್ತೆ ಮೋರಿ ದಂಡೆ. ‘38ರಲ್ಲಿ 38 ಮನೆಗೂ ಶೌಚಾಲಯ’ ಎಂಬ ವರದಿಯಲ್ಲಿ ಇದು ಕಾಣಿಸುವುದಿಲ್ಲ. ವರ್ಷದೊಳಗೆ ಬಾಡಿಗೆಯೂ ಏರಿತು. ಏರಿಸಬಾರದೆಂಬ ಷರತ್ತು ಸಂದಿಯ ಮಾಲೀಕನೊಬ್ಬನಿಗಿತ್ತು, ಅವನು ಪಾಲಿಸಿದ. ಉಳಿದವರನ್ನು ಯಾರೂ ಕೇಳಿರಲಿಲ್ಲ. 40 ಬಾಡಿಗೆ ಕುಟುಂಬಗಳಲ್ಲಿ 11 ಬಿಟ್ಟುಹೋದವು, ಅವುಗಳಲ್ಲಿ ಹೆಚ್ಚಿನವು ಮೋರಿಯ ಆಚೆಯ, ಇದಕ್ಕಿಂತ ಕೆಟ್ಟ ಸಾಲಿಗೆ. ಷರತ್ತನ್ನು ವಂತಿಗೆಯ ಪಟ್ಟಿಯಲ್ಲೇ ಬರೆಸಿಕೊಳ್ಳುವ ಹೊತ್ತು ಅಗೆಯುವ ಮೊದಲಿನದು. ಪೈಪು ಮನೆಗೆ ಮುಟ್ಟಿದ ಮೇಲೆ ಮಾಲೀಕರಿಂದ ಕೇಳಲು ಓಣಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಪಕ್ಕದ ಓಣಿಯವರು ಅದೇ ಸಂದಿಯ ಪೈಪಿಗೆ ಸೇರಿಕೊಳ್ಳಲು ಕೇಳಿದ್ದಾರೆ. ಲೆಕ್ಕದ ಪ್ರಕಾರ ಸಂದಿಯ ಪೈಪು ತಡೆಯುತ್ತದೆ, ಅಲ್ಲಿ ವಾಟವೂ 60ಕ್ಕೆ 1. ಓಣಿಯವರು ಮುಂದಿಟ್ಟಿರುವ ಷರತ್ತುಗಳು ಮೂರು: ಮಟ್ಟ ತೆಗೆದ ಗೆರೆ ಗೋಡೆಯ ಮೇಲೆ ಕಾಣಬೇಕು, ತೊಟ್ಟಿಯಿಲ್ಲದ ಮನೆಗೆ ಸಂಪರ್ಕವಿಲ್ಲ, ಕೆಸರು ತೆಗೆಸುವ ಆರು ತಿಂಗಳ ಹಣ ಮುಂಗಡ. ನಾಲ್ಕನೆಯದನ್ನು, ಬೀಗದಕೈ ಮತ್ತು ಬಾಡಿಗೆಯದನ್ನು, ಸೇರಿಸಬೇಕೆಂದು ಹಣ ಇಟ್ಟುಕೊಂಡಿರುವ ಬಾಡಿಗೆದಾರ ಹೆಂಗಸು ಪಟ್ಟು ಹಿಡಿದಿದ್ದಾರೆ. ಮಾಲೀಕರು ಇನ್ನೂ ಒಪ್ಪಿಲ್ಲ.